11 ದಿನದ ಮೇಲ್ ಎಲ್ಲಿ ಹೋಯಿತು

ಡಿಸೆಂಬರ್ ಮೂರನೇ ವಾರ ಅಂದರೆ ನಮ್ಮ ಕಡೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅರೇಬಿಕಾ ಹಣ್ಣಿನ ಕೊಯ್ಲು ನಡೆಯುತ್ತಿರುತ್ತದೆ, ಕಣದಲ್ಲಿ ಕಾಫಿ ಹರವಿರುತ್ತಾರೆ, ಒಂದು ಮೋಡ ಕಂಡರೂ ಟಾರ್ಪಾಲು ಹಿಡಿದುಕೊಂಡು ಓಡಬೇಕು. ಅದೇ ಹೊತ್ತಿಗೆ ಕ್ರಿಸ್‌ಮಸ್ ರಜೆಗೆ ಬೆಂಗಳೂರಿನ ಜನ ಮುಳ್ಳಯ್ಯನಗಿರಿ ಕಡೆ ಹೊರಡುತ್ತಾರೆ. ಆಲ್ದೂರು ಹತ್ತಿರ ತೋಟ ಇರುವ ನಮ್ಮ ಸೋದರಮಾವ ಮೂರು ರೂಮಿನ ಹೋಂಸ್ಟೇಯನ್ನೂ ನಡೆಸುತ್ತಾರೆ. ಅಂಥವರು ರಾತ್ರಿ 8.30ಕ್ಕೆ ಫೋನ್ ಮಾಡಿದರು ಅಂದರೆ ವಿಷಯ ಸಣ್ಣದಲ್ಲ ಅಂತ ಗೊತ್ತಾಯಿತು.

"ಎಂಥದು ಮಾರಾಯ್ತಿ, ಈ ಸಲ ಬುಕಿಂಗ್ ಕೇಳಿ ಒಂದು ಮೇಲೂ ಬರ್ತಿಲ್ಲ. ಆ ಜರ್ಮನಿಯವರೂ ಸುಮ್ನಾಗಿಬಿಟ್ಟಿದ್ದಾರೆ. ಹೋದ ವರ್ಷದ ನಮ್ಮ ಕಾಫಿ ಅವರಿಗೆ ಹಿಡಿಸಲಿಲ್ಲ ಅಂತ ಕಾಣ್ತದೆ."

ಆ ಕೊನೆಯ ಮಾತು ನನಗೆ ನಾಟಿತು. ಜರ್ಮನಿಯಲ್ಲಿ ಸಣ್ಣದೊಂದು ರೋಸ್ಟಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಹೋದ ವರ್ಷ ಮಾವನ ತೋಟದ ಕಾಫಿ ತಗೊಂಡಿದ್ದರು. ಹೊಸ ಬೆಳೆಯ ಸ್ಯಾಂಪಲ್ ಬಗ್ಗೆ ಡಿಸೆಂಬರ್‌ನಲ್ಲಿ ಬರೆಯುತ್ತೇನೆ ಅಂದಿದ್ದರು. ಬರೆಯಲಿಲ್ಲ. ಮಾವ ತಾವೇ ಎರಡು ಸಲ ಬರೆದರು, ಉತ್ತರ ಬರಲಿಲ್ಲ. ಮೇಲ್ ಕೆಟ್ಟಿದೆ ಅಂತ ಮಾವನಿಗೆ ಅನ್ನಿಸಲೇ ಇಲ್ಲ, ತನ್ನ ಕಾಫಿಯೇ ಕೆಟ್ಟದ್ದಿರಬೇಕು ಅಂತ ಅನ್ನಿಸಿತು. ಮೇಲ್ ನಿಂತುಹೋದಾಗ ಆಗುವುದೇ ಹೀಗೆ. ಕರೆಂಟ್ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಫೋನ್ ಸತ್ತರೆ ಗೊತ್ತಾಗುತ್ತದೆ. ಮೇಲ್ ಬರದೇ ಇದ್ದರೆ ಯಾರೂ ಬರೆದಿಲ್ಲ ಅಂತಲೇ ಕಾಣುತ್ತದೆ.

ನಾನು ಚಿಕ್ಕಮಗಳೂರಿನ ಐ.ಜಿ. ರಸ್ತೆ ಹತ್ತಿರ ಕೂತು ಸಣ್ಣ ಸಣ್ಣ ಆಫೀಸುಗಳ ಕಂಪ್ಯೂಟರ್, ಸೈಟ್, ಮೇಲ್ ನೋಡಿಕೊಳ್ಳುವವಳು. ಮಾವನ ಮೇಲ್ ಅನ್ನು ನಾನೇ ಅಕ್ಟೋಬರ್‌ನಲ್ಲಿ ತಿಂಗಳ ಬಾಡಿಗೆ ಕಟ್ಟುವ ಒಂದು ಮೇಲ್ ಸೇವೆಗೆ ಹಾಕಿಕೊಟ್ಟಿದ್ದೆ. ತೋಟದ ಹೆಸರಿನ ಡಾಟ್ ಇನ್ ಡೊಮೇನ್ ಅದು, ಅಂದರೆ ಸೈಟ್‌ಗೂ ಮೇಲ್‌ಗೂ ಇರುವ ಹೆಸರು. ಎರಡು ತಿಂಗಳು ಚೆನ್ನಾಗಿಯೇ ನಡೆದಿತ್ತು.

ಅವತ್ತು ರಾತ್ರಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನನ್ನ ಜಿಮೇಲ್‌ನಿಂದ ಮಾವನಿಗೆ ಒಂದು ಟೆಸ್ಟ್ ಮೇಲ್ ಹಾಕಿದೆ. ಅದು ಮಾವನಿಗೆ ತಲುಪಲಿಲ್ಲ. ಆದರೆ ಬೌನ್ಸ್ ಕೂಡ ಆಗಲಿಲ್ಲ, ಅಂದರೆ ತಲುಪಲಿಲ್ಲ ಅಂತ ನನಗೆ ವಾಪಸ್ ಏನೂ ಬರಲಿಲ್ಲ. ಆಮೇಲೆ ಡೊಮೇನ್ ಕೊಂಡ ಕಂಪನಿಯ ಪ್ಯಾನೆಲ್‌ಗೆ ಲಾಗಿನ್ ಆಗಿ ಡಿಎನ್‌ಎಸ್ ಪುಟ ನೋಡಿದೆ. ಒಂದು ಹೆಸರಿನ ಸೈಟ್, ಮೇಲ್ ಯಾವ ಮೆಷಿನ್‌ನಲ್ಲಿವೆ ಅಂತ ಹೊರಗಿನವರಿಗೆ ಹೇಳುವ ಏರ್ಪಾಡೇ ಡಿಎನ್‌ಎಸ್. ಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುವ ಎಂಎಕ್ಸ್ ಸರಿ ಇತ್ತು. ಈ ಹೆಸರಿನಿಂದ ಯಾವ ಮೆಷಿನ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ಇತ್ತು. ಮೇಲ್ ಮೇಲಿನ ಸಹಿ ಹೋಲಿಸಿ ನೋಡುವ ಡಿಕಿಮ್ ಇತ್ತು. ಅಕ್ಟೋಬರ್‌ನಲ್ಲಿ ನಾನು ಹಾಕಿದ್ದು ಹಾಗೇ ಇತ್ತು, ಒಂದು ಅಕ್ಷರ ಕೂಡ ಬದಲಾಗಿರಲಿಲ್ಲ. ಹಾಗಾದರೆ ಡಿಎನ್‌ಎಸ್ ತೊಂದರೆ ಅಲ್ಲ ಅಂತ ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಅದು ತಪ್ಪು. ಇವತ್ತು ಇಷ್ಟು ಉದ್ದ ಬರೆಯುತ್ತಿರುವುದು ಆ ತಪ್ಪಿಗಾಗಿಯೇ.

ಮಾರನೇ ದಿನ ಅರ್ಧ ದಿನ ಬೇರೆಲ್ಲ ಹುಡುಕಿದೆ. ಮಾವನ ಫೋನಿನ ಆ್ಯಪ್ ತೆಗೆದು ಮತ್ತೆ ಹಾಕಿದೆ. ಮೇಲ್‌ಬಾಕ್ಸ್ ತುಂಬಿದೆಯಾ ನೋಡಿದೆ. ಯಾವುದಾದರೂ ಫಿಲ್ಟರ್ ಮೇಲ್ ನುಂಗುತ್ತಿದೆಯಾ, ಸ್ಪ್ಯಾಮ್‌ಗೆ ಹೋಗುತ್ತಿದೆಯಾ ನೋಡಿದೆ. ಕೊನೆಗೆ ಮೇಲ್ ಸೇವೆಯವರಿಗೆ ಫೋನ್ ಮಾಡಿ, ನನ್ನ ಟೆಸ್ಟ್ ಮೇಲ್ ಹೊರಟ ಹೊತ್ತು ಹೇಳಿ, ಲಾಗ್ ನೋಡಿ ಅಂದೆ. ಅಲ್ಲಿದ್ದ ಹುಡುಗಿ ಐದು ನಿಮಿಷ ಹುಡುಕಿ ಹೇಳಿದಳು, "ಮೇಡಂ, ಇಂಥ ಮೇಲ್ ನಮ್ಮ ಸರ್ವರ್‌ಗೆ ಬಂದೇ ಇಲ್ಲ. ರಿಜೆಕ್ಟ್ ಕೂಡ ಆಗಿಲ್ಲ. ಬಂದಿಲ್ಲ ಅಷ್ಟೇ."

ಅಲ್ಲಿಗೆ ತಲೆಯಲ್ಲಿ ದೀಪ ಹತ್ತಿತು. ಜಿಮೇಲ್‌ನಿಂದ ಹೊರಟಿದೆ. ಬೌನ್ಸ್ ಆಗಿಲ್ಲ, ಅಂದರೆ ಯಾರೋ ಒಬ್ಬರು ಅದನ್ನು ತಗೊಂಡಿದ್ದಾರೆ. ಮೇಲ್ ಸೇವೆಯವರು ತಗೊಂಡಿಲ್ಲ. ಮತ್ತೆ ಯಾರು ತಗೊಂಡರು?

ಮೇಲ್ ಕಳಿಸುವ ಸರ್ವರ್‌ಗೆ ನಮ್ಮ ಪ್ಯಾನೆಲ್ ಗೊತ್ತಿಲ್ಲ. ಅದು ಡಿಎನ್‌ಎಸ್ ಅನ್ನು ಕೇಳುತ್ತದೆ, ಈ ಹೆಸರಿನವರ ಮೇಲ್ ಅನ್ನು ಯಾವ ಮೆಷಿನ್‌ಗೆ ಕೊಡಬೇಕು ಅಂತ. ಅದಕ್ಕೆ ಉತ್ತರವೇ ಎಂಎಕ್ಸ್ ರೆಕಾರ್ಡ್. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್ ವಿನ್ಯಾಸ ಮಾಡಿದಾಗ ಎಂಎಕ್ಸ್ ಇರಲಿಲ್ಲ, ಮೇಲ್‌ಗಾಗಿ ಬೇರೆ ಎರಡು ಥರದ ರೆಕಾರ್ಡ್ ಇದ್ದವು. 1986ರ ಹೊತ್ತಿಗೆ ಅವನ್ನು ಬಿಟ್ಟು ಎಂಎಕ್ಸ್ ತಂದರು. ಅಷ್ಟು ಹಳೆಯ ಏರ್ಪಾಡು ಇದು, ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಮೇಲ್ ಅದರ ಮೇಲೇ ನಡೆಯುತ್ತದೆ. ಎಂಎಕ್ಸ್ ಇಲ್ಲವೇ ಇಲ್ಲ ಅಂದರೆ ಸರ್ವರ್ ಸುಮ್ಮನೆ ಬಿಡುವುದಿಲ್ಲ, ಆ ಹೆಸರಿನ ಎ ರೆಕಾರ್ಡ್ ತೋರಿಸುವ ವಿಳಾಸಕ್ಕೇ, ಅಂದರೆ ಸಾಮಾನ್ಯವಾಗಿ ವೆಬ್‌ಸೈಟ್ ಇರುವ ಮೆಷಿನ್‌ಗೇ, ಕೊಡಲು ನೋಡುತ್ತದೆ. ಇದು ಗೊತ್ತಿಲ್ಲದೆ ತುಂಬ ಜನ ದಾರಿ ತಪ್ಪುತ್ತಾರೆ.

ಈ ಸಲ ಪ್ಯಾನೆಲ್ ತೆರೆಯಲಿಲ್ಲ. ಹೊರಗಿನವರ ಥರ ಕೇಳಿದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಎನ್‌ಎಸ್‌ಲುಕಪ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಮೈನಸ್ ಟೈಪ್ ಈಕ್ವಲ್ ಟು ಎಂಎಕ್ಸ್, ಆಮೇಲೆ ಡೊಮೇನ್ ಹೆಸರು. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಡಿಗ್ ಅನ್ನುವ ಕಮಾಂಡ್ ಇನ್ನೂ ಚೆನ್ನಾಗಿದೆ. ಉತ್ತರ ಬಂತು. ನಾನು ಹಾಕಿದ ಮೇಲ್ ಸೇವೆಯ ಹೆಸರು ಅದರಲ್ಲಿ ಇರಲೇ ಇಲ್ಲ. ಎಂಎಕ್ಸ್ ಅಂತ ಇದ್ದದ್ದು ತೋಟದ ಡೊಮೇನ್ ಹೆಸರೇ. ಅಂದರೆ ವೆಬ್‌ಸೈಟ್ ಇರುವ ಹೋಸ್ಟಿಂಗ್ ಮೆಷಿನ್.

ಅದೇ ಕಮಾಂಡ್‌ನಲ್ಲಿ ಎಂಎಕ್ಸ್ ಬದಲು ಎನ್‌ಎಸ್ ಹಾಕಿ ಕೇಳಿದೆ, ಈ ಡೊಮೇನ್‌ಗೆ ಉತ್ತರ ಕೊಡುವ ನೇಮ್ ಸರ್ವರ್ ಯಾರು ಅಂತ. ನಾನು ಲಾಗಿನ್ ಆಗಿದ್ದ ಕಂಪನಿಯದಲ್ಲ. ಬೇರೆಯೇ ಎರಡು ಹೆಸರು.

ಮಾವನಿಗೆ ಫೋನ್ ಮಾಡಿದೆ. "ಮಾವ, ಸೈಟ್‌ಗೆ ಯಾರಾದರೂ ಕೈ ಹಾಕಿದ್ರಾ?"

"ಹೌದಲ್ಲ, ಹೊಸ ಫೋಟೋ ಎಲ್ಲ ಹಾಕಿ ಸೈಟ್ ಚೆಂದ ಮಾಡಿಕೊಡ್ತೀನಿ ಅಂತ ಒಬ್ಬ ಹುಡುಗ ಬಂದಿದ್ದ. 8ನೇ ತಾರೀಕು ಹೊಸ ಸೈಟ್ ಶುರುವಾಯ್ತು. ಅದಕ್ಕೂ ಮೇಲ್‌ಗೂ ಎಂಥ ಸಂಬಂಧ?"

ಸಂಬಂಧ ಇದೆ. ಆ ಹುಡುಗ ಹೊಸ ಹೋಸ್ಟಿಂಗ್ ತಗೊಂಡು, ಸೈಟ್ ಅಲ್ಲಿ ಹಾಕಿ, ಡೊಮೇನ್‌ನ ನೇಮ್ ಸರ್ವರ್ ಅನ್ನು ಆ ಹೋಸ್ಟಿಂಗ್ ಕಂಪನಿಯದಕ್ಕೆ ಬದಲಾಯಿಸಿದ್ದ. ಸೈಟ್ ಬದಲಾಯಿಸಲು ಎ ರೆಕಾರ್ಡ್ ಒಂದನ್ನು ತಿದ್ದಿದ್ದರೆ ಸಾಕಿತ್ತು. ನೇಮ್ ಸರ್ವರ್ ಬದಲಾಯಿಸಿದರೆ ಇಡೀ ಡಿಎನ್‌ಎಸ್ ಬದಲಾಗುತ್ತದೆ. ಹೊಸ ಕಡೆ ಖಾಲಿ ಡೊಮೇನ್‌ಗೆ ಹೋಸ್ಟಿಂಗ್‌ನವರು ತಾವೇ ತುಂಬುವ ರೆಕಾರ್ಡ್‌ಗಳು ಕೂತಿದ್ದವು, ಅದರಲ್ಲಿ ಮೇಲ್ ಕೂಡ ತಮ್ಮ ಮೆಷಿನ್‌ಗೇ ಬರಲಿ ಅಂತ ಇತ್ತು. ಹಳೆಯ ಕಡೆ ನನ್ನ ರೆಕಾರ್ಡ್‌ಗಳು ಹಾಗೇ ಅಂದವಾಗಿ ಕೂತಿದ್ದವು, ಅವನ್ನು ಕೇಳುವವರು ಯಾರೂ ಇರಲಿಲ್ಲ. ಆ ಪ್ಯಾನೆಲ್‌ನಲ್ಲಿ ನಾನು ಏನು ತಿದ್ದಿ ಸೇವ್ ಒತ್ತಿದರೂ ಹಸಿರು ಟಿಕ್ ಬರುತ್ತಿತ್ತು. ಜಗತ್ತಿಗೆ ಅದು ಕಾಣುತ್ತಿರಲಿಲ್ಲ.

ಮಾವನಿಗೆ ಇದನ್ನು ಹೇಳಿದ್ದು ಪಹಣಿ ಲೆಕ್ಕದಲ್ಲಿ. ಆಲ್ದೂರು ಹೋಬಳಿಯ ಜಮೀನಿಗೆ ಮೂಡಿಗೆರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಏನಾಗುತ್ತದೆ? ಅರ್ಜಿಯಲ್ಲಿ ಒಂದು ತಪ್ಪೂ ಇಲ್ಲದೆ ಇರಬಹುದು, ಆದರೆ ನಮ್ಮ ದಾಖಲೆ ಇರುವ ಕಚೇರಿ ಅದಲ್ಲ. ನೇಮ್ ಸರ್ವರ್ ಅಂದರೆ ಯಾವ ಕಚೇರಿ ಅನ್ನುವುದು. ಎಂಎಕ್ಸ್, ಎಸ್‌ಪಿಎಫ್ ಎಲ್ಲ ಆ ಕಚೇರಿಯೊಳಗಿನ ಕಾಗದ. ಮೊದಲು ಕಚೇರಿ ಯಾವುದು ಅಂತ ನೋಡಬೇಕು, ಆಮೇಲೆ ಕಾಗದ. ಮಾವ "ಅಷ್ಟೇನಾ" ಅಂದರು. ಅಷ್ಟೇ. ಅದನ್ನು ಮೊದಲ ರಾತ್ರಿಯೇ ನೋಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಇನ್ನು ಮಾವ ಕಳಿಸಿದ ಮೇಲ್‌ಗಳ ಕಥೆ. ಬರುವುದು ನಿಂತದ್ದು ಒಂದು, ಹೋಗುವುದೂ ಕೆಟ್ಟಿತ್ತು. ಮಾವನ ಟ್ರ್ಯಾಶ್ ತೆಗೆದು ನೋಡಿದರೆ ಮೈಲರ್ ಡೀಮನ್ ಅನ್ನುವ ಹೆಸರಿನಿಂದ ಬಂದ ಮೇಲ್‌ಗಳು ಒಂಬತ್ತು ಇದ್ದವು. ಹೆಸರು ನೋಡಿ ವೈರಸ್ ಇರಬೇಕು ಅಂತ ಅತ್ತೆ ಡಿಲೀಟ್ ಮಾಡಿದ್ದರು. ಅತ್ತೆಯ ತಪ್ಪಲ್ಲ, ಗೊತ್ತಿಲ್ಲದ ಮೇಲ್ ತೆಗೀಬೇಡಿ ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ಆದರೆ ಮೇಲ್ ಕೆಟ್ಟಾಗ ಆ ಬೌನ್ಸ್ ಮೇಲ್‌ಗಿಂತ ದೊಡ್ಡ ಸುಳಿವು ಬೇರೆ ಇಲ್ಲ. ಅದರ ನಡುವೆ ಮೂರು ಅಂಕಿಯ ಒಂದು ಸಂಖ್ಯೆ ಇರುತ್ತದೆ. 4ರಿಂದ ಶುರುವಾದರೆ ತಾತ್ಕಾಲಿಕ, ಕಳಿಸಿದ ಸರ್ವರ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. 5ರಿಂದ ಶುರುವಾದರೆ ಮುಗಿಯಿತು, ಆ ಮೇಲ್ ಹೋಗುವುದಿಲ್ಲ. ಮಾವನಿಗೆ ಬಂದಿದ್ದು 550, ಅದರ ಪಕ್ಕ 5.7.26. ಹೋಂಸ್ಟೇಗೆ ಬರುವವರೆಲ್ಲ ಜಿಮೇಲ್‌ನವರೇ, ಜಿಮೇಲ್ ಈ ಸಂಖ್ಯೆ ಕೊಡುವುದು ಕಳಿಸಿದವರು ಯಾರು ಅಂತ ಖಾತ್ರಿ ಆಗದಿದ್ದಾಗ.

2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಜಿಮೇಲ್ ವಿಳಾಸಗಳಿಗೆ ಯಾರೇ ಕಳಿಸಲಿ, ಎಸ್‌ಪಿಎಫ್ ಅಥವಾ ಡಿಕಿಮ್ ಎರಡರಲ್ಲಿ ಒಂದಾದರೂ ಇರಬೇಕು. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಬೇಕು, ಅಂದರೆ ಆ ಪರೀಕ್ಷೆಯಲ್ಲಿ ಫೇಲಾದ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವ ರೆಕಾರ್ಡ್. ಮಾವ ದಿನಕ್ಕೆ ಕಳಿಸುವುದು ಹತ್ತು ಮೇಲ್. ಆದರೆ ನೇಮ್ ಸರ್ವರ್ ಬದಲಾದ ಮೇಲೆ ಆ ಒಂದೂ ಉಳಿದಿರಲಿಲ್ಲ. ಹೊಸ ಕಡೆಯ ಎಸ್‌ಪಿಎಫ್‌ನಲ್ಲಿ ಈ ಹೆಸರಿನಿಂದ ಕಳಿಸಬಹುದಾದದ್ದು ಹೋಸ್ಟಿಂಗ್ ಮೆಷಿನ್ ಮಾತ್ರ ಅಂತ ಇತ್ತು, ಕೊನೆಯಲ್ಲಿ ಮೈನಸ್ ಆಲ್ ಕೂಡ ಇತ್ತು, ಅಂದರೆ ಬೇರೆ ಯಾರು ಕಳಿಸಿದರೂ ತಗೊಳ್ಳಬೇಡಿ ಅಂತ. ಮಾವ ಕಳಿಸುತ್ತಿದ್ದದ್ದು ಮೇಲ್ ಸೇವೆಯಿಂದ. ತನ್ನದೇ ಡೊಮೇನ್ ತನ್ನನ್ನೇ ನಂಬಬೇಡಿ ಅಂತ ಹೇಳುತ್ತಿತ್ತು. ಡಿಕಿಮ್ ಸಹಿಯನ್ನು ಮೇಲ್ ಸೇವೆ ಪ್ರತಿ ಮೇಲ್‌ಗೂ ಹಾಕುತ್ತಲೇ ಇತ್ತು, ಆದರೆ ಆ ಸಹಿ ಹೋಲಿಸಿ ನೋಡುವ ಕೀ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಜರ್ಮನಿಯವರಿಗೆ ಹೋದ ಎರಡು ಮೇಲ್ ಬೌನ್ಸ್ ಆಗಿರಲಿಲ್ಲ. ಅವರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವು ಅಂತ ಆಮೇಲೆ ಗೊತ್ತಾಯಿತು.

ಹುಡುಗನಿಂದ ಹೊಸ ಪ್ಯಾನೆಲ್‌ನ ಲಾಗಿನ್ ಇಸಕೊಂಡು, ಶನಿವಾರ ಬೆಳಿಗ್ಗೆ ತೋಟಕ್ಕೇ ಹೋದೆ. ಮಾವನ ಪಕ್ಕದಲ್ಲೇ ಕೂತು ಮಾಡಿದರೆ ಒಳ್ಳೆಯದು ಅನ್ನಿಸಿತು. ಎರಡು ದಾರಿ ಇದ್ದವು. ನೇಮ್ ಸರ್ವರ್ ಅನ್ನು ಹಳೆಯದಕ್ಕೇ ವಾಪಸ್ ಮಾಡಿ ಅಲ್ಲಿ ಎ ರೆಕಾರ್ಡ್ ತಿದ್ದುವುದು, ಇಲ್ಲವೇ ಹೊಸ ಕಡೆಯೇ ಎಲ್ಲ ರೆಕಾರ್ಡ್ ಹಾಕುವುದು. ನಾನು ಎರಡನೆಯದು ಆರಿಸಿದೆ. ರಜೆಯ ವಾರದಲ್ಲಿ ಸೈಟ್ ಒಂದು ಗಂಟೆ ಕೂಡ ಕೆಡುವುದು ಬೇಡವಾಗಿತ್ತು.

ಎಂಎಕ್ಸ್ ಹಾಕುವಾಗ ಎರಡು ಕಡೆ ಎಡವಬಹುದು. ಮೇಲ್ ಸರ್ವರ್ ಹೆಸರನ್ನು ಪೂರ್ತಿ ಬರೆದರೆ ಕೆಲವು ಪ್ಯಾನೆಲ್ ಅದರ ಕೊನೆಗೆ ನಮ್ಮ ಡೊಮೇನ್ ಹೆಸರನ್ನು ತಾನೇ ಅಂಟಿಸುತ್ತದೆ. ಆಗ ಹೆಸರಿಗೆ ಹೆಸರು ಸೇರಿ ಎಲ್ಲೂ ಇಲ್ಲದ ಒಂದು ಮೆಷಿನ್ ಹುಟ್ಟುತ್ತದೆ. ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ ಇಟ್ಟರೆ, ಇದು ಪೂರ್ತಿ ಹೆಸರು, ಮುಂದೆ ಏನೂ ಸೇರಿಸಬೇಡ ಅಂತ ಅರ್ಥ. ಆ ಒಂದು ಚುಕ್ಕೆಗೆ ಎಷ್ಟು ಆಫೀಸುಗಳ ಮೇಲ್ ನಿಂತಿದೆಯೋ. ಇನ್ನೊಂದು, ಹಳೆಯ ಎಂಎಕ್ಸ್ ಅನ್ನು ಅಳಿಸದೆ ಹೊಸದನ್ನು ಕೆಳಗೆ ಸೇರಿಸುವುದು. ಎಂಎಕ್ಸ್‌ಗೆ ಒಂದು ಅಂಕಿ ಇರುತ್ತದೆ, ಕಡಿಮೆ ಅಂಕಿ ಇರುವವರಿಗೆ ಮೊದಲ ಸರದಿ. ಹೋಸ್ಟಿಂಗ್‌ನ ಎಂಎಕ್ಸ್‌ಗೆ 0 ಇತ್ತು, ಮೇಲ್ ಸೇವೆಯದಕ್ಕೆ 10. ಎರಡೂ ಇಟ್ಟರೆ ಎಲ್ಲ ಮೇಲ್ ಮತ್ತೆ ಹೋಸ್ಟಿಂಗ್‌ಗೇ. 0 ಇದ್ದದ್ದನ್ನು ತೆಗೆದುಹಾಕಿದೆ. ಎಂಎಕ್ಸ್‌ನಲ್ಲಿ ಹೆಸರು ಬರೆಯಬೇಕು, ಐಪಿ ವಿಳಾಸ ಬರೆಯುವ ಹಾಗಿಲ್ಲ, ಸಿನೇಮ್ ಆಗಿರುವ, ಅಂದರೆ ಇನ್ನೊಂದು ಹೆಸರಿಗೆ ಅಡ್ಡಹೆಸರಾಗಿರುವ ಹೆಸರನ್ನೂ ಕೊಡುವ ಹಾಗಿಲ್ಲ.

ಎಸ್‌ಪಿಎಫ್‌ನಲ್ಲಿ ತುಂಬ ಜನ ಮಾಡುವುದು, ಇದ್ದದ್ದನ್ನು ಹಾಗೇ ಬಿಟ್ಟು ಇನ್ನೊಂದು ಸಾಲು ಸೇರಿಸುವುದು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡು ಕಂಡರೆ ನೋಡುವ ಸರ್ವರ್ ಎರಡನ್ನೂ ಬಿಟ್ಟು ದೋಷ ಅಂತ ಬರೆದುಕೊಳ್ಳುತ್ತದೆ. ಸೈಟ್‌ನ ಬುಕಿಂಗ್ ಫಾರ್ಮ್ ಹೋಸ್ಟಿಂಗ್ ಮೆಷಿನ್‌ನಿಂದಲೇ ಮೇಲ್ ಕಳಿಸುತ್ತದೆ, ಆದ್ದರಿಂದ ಅದೂ ಬೇಕು. ಮೇಲ್ ಸೇವೆಯೂ ಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದೆ. ಇದಕ್ಕೊಂದು ಮಿತಿ ಕೂಡ ಇದೆ. ಆ ಸಾಲನ್ನು ಬಿಡಿಸಿ ನೋಡಲು ಡಿಎನ್‌ಎಸ್ ಅನ್ನು 10 ಸಲಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಮಾವನದು 4ಕ್ಕೆ ಮುಗಿಯಿತು. ಅದು ಇದು ಅಂತ ಹತ್ತು ಸೇವೆ ಸೇರಿಸಿಕೊಂಡ ಆಫೀಸುಗಳು ಈ ಮಿತಿ ದಾಟಿ, ಯಾಕೆ ಕೆಟ್ಟಿತು ಅಂತ ಗೊತ್ತಾಗದೆ ಒದ್ದಾಡುತ್ತವೆ.

ಡಿಕಿಮ್ ನನ್ನನ್ನು ಜಾಸ್ತಿ ಸತಾಯಿಸಿತು. 2048 ಬಿಟ್‌ನ ಕೀ ಉದ್ದ ಇರುತ್ತದೆ. ಅದನ್ನು ಬರೆದಿಡುವ ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಸುತ್ತದೆ. ಉದ್ದ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಎರಡು ತುಂಡು ಮಾಡಿ ಕೊಡಬೇಕು. ಕೆಲವು ಪ್ಯಾನೆಲ್ ತಾನೇ ತುಂಡು ಮಾಡಿಕೊಳ್ಳುತ್ತದೆ. ಇದು ಮಾಡಲಿಲ್ಲ, 255ಕ್ಕೆ ಕತ್ತರಿಸಿ ಉಳಿದದ್ದನ್ನು ಬಿಟ್ಟುಬಿಟ್ಟಿತು, ಏನೂ ಹೇಳಲೂ ಇಲ್ಲ. ಪ್ಯಾನೆಲ್‌ನಲ್ಲಿ ಕೀ ಇದ್ದ ಹಾಗೇ ಕಾಣುತ್ತದೆ. ಹೊರಗಿನಿಂದ ಕೇಳಿ, ಬಂದ ಉತ್ತರದ ಕೊನೆಯ ಅಕ್ಷರಗಳನ್ನು ಮೇಲ್ ಸೇವೆಯವರು ಕೊಟ್ಟ ಕೀಯ ಕೊನೆಯ ಅಕ್ಷರಗಳ ಜೊತೆ ಹೋಲಿಸಿದಾಗ ಗೊತ್ತಾಯಿತು. ಎರಡು ತುಂಡು ಮಾಡಿ ಹಾಕಿದೆ.

ಹಾಕಿದ ಮೇಲೂ ನನ್ನ ಕಂಪ್ಯೂಟರ್‌ಗೆ ಹಳೆಯ ತುಂಡೇ ಕಾಣುತ್ತಿತ್ತು. ಇಲ್ಲಿ ಹೆದರಬಾರದು. ಪ್ರತಿ ರೆಕಾರ್ಡ್‌ಗೂ ಟಿಟಿಎಲ್ ಅಂತ ಒಂದು ಅವಧಿ ಇರುತ್ತದೆ, ಸೆಕೆಂಡ್ ಲೆಕ್ಕದಲ್ಲಿ. ಇಲ್ಲಿ 14400 ಇತ್ತು, ಅಂದರೆ 4 ಗಂಟೆ. ಒಂದು ಸಲ ಉತ್ತರ ಕೇಳಿಕೊಂಡ ಸರ್ವರ್ ಅಷ್ಟು ಹೊತ್ತು ಅದನ್ನೇ ನೆನಪಿಟ್ಟುಕೊಂಡು ಹೇಳುತ್ತದೆ. ಇಲ್ಲ ಅನ್ನುವ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ರೆಕಾರ್ಡ್ ಹಾಕುವ ಮೊದಲೇ ಬಂತಾ ಬಂತಾ ಅಂತ ಕೇಳುತ್ತಾ ಕೂತರೆ, ಇಲ್ಲ ಅನ್ನುವುದು ಅಲ್ಲಿ ಕೂತುಬಿಡುತ್ತದೆ, ಹಾಕಿದ ಮೇಲೂ ಸ್ವಲ್ಪ ಹೊತ್ತು ಇಲ್ಲ ಅಂತಲೇ ಬರುತ್ತದೆ. ಆದ್ದರಿಂದ ಮೊದಲು ಡೊಮೇನ್‌ನ ನೇಮ್ ಸರ್ವರ್‌ನ ಹೆಸರು ಹೇಳಿ ನೇರವಾಗಿ ಅದನ್ನೇ ಕೇಳಬೇಕು. ಅಲ್ಲಿ ಸರಿ ಇದ್ದರೆ ನಮ್ಮ ಕೆಲಸ ಸರಿ ಇದೆ. ಆಮೇಲೆ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಇವುಗಳನ್ನು ಕೇಳಿ ನೋಡಬಹುದು. ಅಲ್ಲಿ ಹಳೆಯದು ಕಂಡರೆ ಕಾಯುವುದೊಂದೇ ಕೆಲಸ. ಕಾಯಲಾಗದೆ ಮತ್ತೆ ಮತ್ತೆ ತಿದ್ದುವುದರಿಂದ ಸರಿ ಇದ್ದದ್ದೂ ಕೆಡುತ್ತದೆ. ಮೊದಲೇ ಗೊತ್ತಿದ್ದು ಮಾಡುವ ಬದಲಾವಣೆ ಆದರೆ, ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಟ್ಟರೆ ಕಾಯುವುದು ಐದು ನಿಮಿಷ ಮಾತ್ರ.

ಕಾಯುತ್ತಾ ಅತ್ತೆ ಮಾಡಿದ ಕಡುಬು ತಿಂದೆವು. ಮಾವ ಕಣಕ್ಕೆ ಹೋಗಿ ಕಾಫಿ ಕೆದಕಿಸಿ ಬಂದರು. ತೋಟದ ಲೆಕ್ಕ ಬರೆಯುವ ರೈಟರು ಬಂದು ಪುಸ್ತಕ ತೋರಿಸಿ ಹೋದರು. ಮೇಲ್ ಮಾತ್ರ ಇನ್ನೂ ಅರ್ಧ ಹಳೆಯ ದಾರಿಯಲ್ಲಿ, ಅರ್ಧ ಹೊಸ ದಾರಿಯಲ್ಲಿ ಹೋಗುತ್ತಿತ್ತು.

ಒಂದು ಕೆಲಸವನ್ನು ಬೇಕೆಂದೇ ಆ 4 ಗಂಟೆ ಬಿಟ್ಟು ಮಾಡಿದೆ. ಈ ಥರದ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ಅಂತ ಒಂದು ಪುಟ ಇರುತ್ತದೆ. ಈ ಡೊಮೇನ್‌ನ ಮೇಲ್ ಈ ಮೆಷಿನ್‌ನಲ್ಲೇ ಇದೆ ಅನ್ನುವುದು ಲೋಕಲ್, ಬೇರೆ ಕಡೆ ಇದೆ ಅನ್ನುವುದು ರಿಮೋಟ್. ಲೋಕಲ್ ಆಗಿದ್ದರೆ, ಎಂಎಕ್ಸ್ ಎಷ್ಟೇ ಸರಿ ಇದ್ದರೂ, ಸೈಟ್‌ನ ಬುಕಿಂಗ್ ಫಾರ್ಮ್ ಕಳಿಸುವ ಮೇಲ್ ಡಿಎನ್‌ಎಸ್ ಕೇಳದೆ ಆ ಮೆಷಿನ್‌ನೊಳಗೇ ಬಿದ್ದುಹೋಗುತ್ತದೆ. ಹೊರಗಿನವರ ಮೇಲ್ ಬರುತ್ತದೆ, ನಮ್ಮದೇ ಸೈಟ್‌ನ ಮೇಲ್ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಪುಟವನ್ನೇ. ಹಾಗಂತ ತಕ್ಷಣ ರಿಮೋಟ್ ಮಾಡಿದರೆ, ಹಳೆಯ ಎಂಎಕ್ಸ್ ನೆನಪಿಟ್ಟುಕೊಂಡ ಸರ್ವರ್‌ಗಳು ತಂದುಕೊಡುವ ಮೇಲ್ ಅನ್ನು ಆ ಮೆಷಿನ್ ನಮ್ಮದಲ್ಲ ಅಂತ ತಿರಸ್ಕರಿಸುತ್ತದೆ. ಅದಕ್ಕೇ ಕಾದು ಮಧ್ಯಾಹ್ನ 3ರ ಮೇಲೆ ಬದಲಾಯಿಸಿದೆ.

ಡಿಮಾರ್ಕ್ ಕೂಡ ಅವತ್ತೇ ಹಾಕಿದೆ, ಸದ್ಯಕ್ಕೆ ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ ಅನ್ನುವ ಮಟ್ಟದಲ್ಲಿ. ಎಸ್‌ಪಿಎಫ್ ಅಥವಾ ಡಿಕಿಮ್ ಪಾಸ್ ಆಗಿ, ಆ ಡೊಮೇನ್ ಕಳಿಸಿದವರ ವಿಳಾಸದ ಡೊಮೇನ್‌ಗೆ ಹೊಂದಿಕೊಂಡರೆ ಡಿಮಾರ್ಕ್ ಪಾಸ್. ಶುರುವಿನಲ್ಲೇ ತಿರಸ್ಕರಿಸಿ ಅಂತ ಬರೆದರೆ, ನಾವು ಮರೆತ ಯಾವುದೋ ಮೂಲೆಯ ಮೇಲ್ ಸತ್ತುಹೋಗುತ್ತದೆ. ಎರಡು ಮೂರು ವಾರ ವರದಿ ನೋಡಿಕೊಂಡು ಬಿಗಿ ಮಾಡುವುದು ಒಳ್ಳೆಯದು.

ತಮ್ಮದೇ ಮೇಲ್ ಸರ್ವರ್ ಇಟ್ಟವರಿಗೆ ಇನ್ನೊಂದು ಕೆಲಸ ಇದೆ, ಐಪಿಯಿಂದ ಹೆಸರಿಗೆ ತಿರುಗಿ ತೋರಿಸುವ ಪಿಟಿಆರ್ ರೆಕಾರ್ಡ್. ಅದನ್ನು ಡೊಮೇನ್ ಪ್ಯಾನೆಲ್‌ನಲ್ಲಿ ಹುಡುಕಬೇಡಿ, ಐಪಿ ಕೊಟ್ಟವರನ್ನು ಕೇಳಬೇಕು. ನಮಗೆ ಅದು ಬೇಕಾಗಲಿಲ್ಲ.

ಮೊನ್ನೆ ಹಾಸನದ ಒಂದು ಸಣ್ಣ ಆಫೀಸಿನದು ಬೇರೆ ಥರ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸೈಟ್ ಮುಂದೆ ನಿಂತು ಅದರ ಪರವಾಗಿ ಉತ್ತರ ಕೊಡುವ ಪ್ರಾಕ್ಸಿ ಸೇವೆ ಹಾಕಿಕೊಂಡಾಗ ಮೇಲ್ ಸರ್ವರ್‌ನ ಹೆಸರಿಗೂ ಪ್ರಾಕ್ಸಿ ಆನ್ ಮಾಡಿಬಿಟ್ಟಿದ್ದರು. ಪ್ರಾಕ್ಸಿ ವೆಬ್‌ಸೈಟ್ ಮಾತನ್ನು ಮಾತ್ರ ಕೇಳುತ್ತದೆ, ಮೇಲ್ ಬರುವ 25ನೇ ಪೋರ್ಟ್‌ನಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಉತ್ತರವೇ ಬರದಿದ್ದಾಗ ಕಳಿಸುವ ಸರ್ವರ್ ತಕ್ಷಣ ಕೈ ಬಿಡುವುದಿಲ್ಲ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದ ಪ್ರಕಾರ ಸಾಮಾನ್ಯವಾಗಿ 4–5 ದಿನವಾದರೂ ಪ್ರಯತ್ನ ಮಾಡುತ್ತಿರಬೇಕು. ಹಾಗಾಗಿ ಸೋಮವಾರ ಕಳಿಸಿದ ಮೇಲ್‌ನ ಬೌನ್ಸ್ ಶುಕ್ರವಾರ ಬಂತು, ಅಷ್ಟರಲ್ಲಿ ಟೆಂಡರ್ ಕೊನೆಯ ದಿನ ಮುಗಿದಿತ್ತು. ಆ ಗುಮಾಸ್ತರ ಮುಖ ಇನ್ನೂ ನೆನಪಿದೆ.

ಸಂಜೆ ಮಾವನ ಮೇಲ್‌ನಿಂದ ನನ್ನ ಜಿಮೇಲ್‌ಗೆ ಒಂದು ಕಳಿಸಿದೆ. ಜಿಮೇಲ್‌ನಲ್ಲಿ ಆ ಮೇಲ್‌ನ ಮೂರು ಚುಕ್ಕೆ ಒತ್ತಿ ಶೋ ಒರಿಜಿನಲ್ ತೆಗೆದರೆ ಮೇಲುಗಡೆಯೇ ಬರೆದಿರುತ್ತದೆ. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಪಾಸ್. ನನ್ನಿಂದ ಮಾವನಿಗೆ ಹಾಕಿದ್ದು ಎರಡು ಸೆಕೆಂಡಿಗೆ ಬಂತು. ಅತ್ತೆ ಸೈಟ್ ತೆಗೆದು ಬುಕಿಂಗ್ ಫಾರ್ಮ್ ತುಂಬಿದರು, ಅದೂ ಬಂತು.

ಇನ್ನು ಉಳಿದದ್ದು 8ನೇ ತಾರೀಕಿನಿಂದ 11 ದಿನ ಬಂದ ಮೇಲ್. ಬೌನ್ಸ್ ಆಗಿಲ್ಲ ಅಂದರೆ ಹೋಸ್ಟಿಂಗ್ ಮೆಷಿನ್ ಅವನ್ನು ತಗೊಂಡಿದೆ. ಅಲ್ಲಿ ಮಾವನ ಹೆಸರಿನ ಮೇಲ್‌ಬಾಕ್ಸ್ ಇಲ್ಲ. ಇಲ್ಲದ ವಿಳಾಸಕ್ಕೆ ಬಂದ ಮೇಲ್ ಏನು ಮಾಡಬೇಕು ಅನ್ನುವುದಕ್ಕೆ ಡಿಫಾಲ್ಟ್ ಅಡ್ರೆಸ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಸಾಮಾನ್ಯವಾಗಿ ವಾಪಸ್ ಕಳಿಸು ಅಂತ ಇರಬೇಕು. ಇಲ್ಲಿ ಹೋಸ್ಟಿಂಗ್ ಖಾತೆಯ ಮುಖ್ಯ ಮೇಲ್‌ಬಾಕ್ಸ್‌ಗೆ ಹಾಕು ಅಂತ ಇತ್ತು. ಯಾರೂ ಒಂದು ದಿನವೂ ತೆರೆಯದ ಮೇಲ್‌ಬಾಕ್ಸ್ ಅದು. ತೆರೆದೆ. 63 ಮೇಲ್.

ನನ್ನ ಮೂರು ಟೆಸ್ಟ್ ಮೇಲ್ ಮೇಲುಗಡೆಯೇ ಕೂತಿದ್ದವು. ಕಸ ತೆಗೆದರೆ 27 ಉಳಿದವು. ಕ್ರಿಸ್‌ಮಸ್‌ಗೆ ರೂಮ್ ಕೇಳಿದವರು ಆರು ಜನ, ಅವರಲ್ಲಿ ಇಬ್ಬರು ಉತ್ತರ ಬರಲಿಲ್ಲ ಅಂತ ಎರಡನೇ ಸಲವೂ ಬರೆದಿದ್ದರು. ಕ್ಯೂರಿಂಗ್ ವರ್ಕ್ಸ್‌ನಿಂದ ಒಂದು ಬಿಲ್. ಮತ್ತೆ ಜರ್ಮನಿಯಿಂದ ಎರಡು, 11ನೇ ತಾರೀಕಿನದೊಂದು, 17ನೇ ತಾರೀಕಿನದೊಂದು.

ಮಾವ ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಓದಿದರು. ಹೋದ ವರ್ಷದ ಕಾಫಿ ಫೆಬ್ರವರಿಗೇ ಖಾಲಿಯಾಯಿತು, ಈ ಸಲ ಇನ್ನೂ ಜಾಸ್ತಿ ಬೇಕು, ಮೊದಲ ಕೊಯ್ಲಿನ ಸ್ಯಾಂಪಲ್ ಕಳಿಸುತ್ತೀರಾ ಅಂತ ಇತ್ತು. ಎರಡನೆಯದು ಎರಡೇ ಸಾಲು, ಆರೋಗ್ಯವಾಗಿದ್ದೀರಾ ಅಂತ ಕೇಳಿದ್ದರು. ಮಾವ ಅದನ್ನು ಎರಡು ಸಲ ಓದಿದರು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ, "ನೀನೇ ಬರಿ, ಮೇಲ್ ಕೆಟ್ಟಿತ್ತು, ಅದಕ್ಕೇ ತಡ ಆಯ್ತು ಅಂತ ಬಿಡಿಸಿ ಹೇಳು" ಅಂದವರು, ಟಾರ್ಚ್ ಹಿಡಿದುಕೊಂಡು, ಸ್ಯಾಂಪಲ್‌ಗೆ ಯಾವ ಮೂಟೆಯಿಂದ ತೆಗೆಯುವುದು ಅಂತ ನೋಡಲು ರೈಟರನ್ನು ಕೂಗುತ್ತಾ ಗೋಡೌನ್ ಕಡೆ ಹೊರಟೇಬಿಟ್ಟರು.